ಭರಣಿಯ ವಿರುದ್ಧ ಸೂಕ್ಷ್ಮದರ್ಶಕ

ಗೊತ್ತಿಲ್ಲದ್ದನ್ನು ಕೇಳಿ ತಿಳಿದುಕೊಳ್ಳಬೇಕು ಎಂದು ಉಪದೇಶಿಸುವವರು ಪತ್ರಿಕೆಯಲ್ಲಿ ದುಡಿದವರಲ್ಲ. ನಾವು ಇನ್ನೊಬ್ಬರನ್ನು ಕೇಳುವುದು ಅವರಿಗೆ ಗೊತ್ತಿದೆಯೇ ಎಂದು ಪರೀಕ್ಷಿಸಲಿಕ್ಕೆ. ವಿದ್ಯಾನಗರದ ಕಲೆಕ್ಟರೇಟಿಗೆ ಮೂವತ್ತು ವರ್ಷ ಅಲೆದು ಸುದ್ದಿ ತಂದವನು ನಾನು. ಒಂದೇ ಒಂದು ತಿದ್ದುಪಡಿ ಪ್ರಕಟಿಸುವ ಪ್ರಸಂಗ ಬರಲಿಲ್ಲ. ನಿವೃತ್ತನಾದ ಮೇಲೂ ಆ ದಾಖಲೆ ಭದ್ರವಾಗಿತ್ತು, ಹೆಂಡತಿಯ ಉಪ್ಪುಸೊಳೆಯ ಭರಣಿಯಲ್ಲಿ ಬಿಳಿ ಪದರ ಕಾಣಿಸುವವರೆಗೆ.

ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿ ಬಾಯಿ ಕಟ್ಟಿದ ಆ ಭರಣಿಗೆ ಮೀಂಜದ ನಮ್ಮ ಮನೆಯಲ್ಲಿ ದೇವರ ಕೋಣೆಗಿಂತ ಹೆಚ್ಚು ಮಡಿ. ಒದ್ದೆ ಕೈ ಹಾಕುವ ಹಾಗಿಲ್ಲ, ಶಾರದೆಯಲ್ಲದೆ ಬೇರೆಯವರು ಮುಟ್ಟುವ ಹಾಗಿಲ್ಲ. ನಾನು ದೂರದಿಂದಲೇ ಇಣುಕಿ, "ಬೂಷ್ಟು ಬಂದಿದೆ, ತೆಂಗಿನ ಬುಡಕ್ಕೆ ಚೆಲ್ಲು" ಎಂದು ತೀರ್ಪು ಕೊಟ್ಟೆ.

"ಬೂಷ್ಟಿಗೆ ಕೂದಲು ಉಂಟು. ಇದು ಬರೀ ಕೆನೆ, ಪ್ರತಿ ವರ್ಷ ಬರ್ತದೆ" ಎಂದಳು ಶಾರದೆ. "ಒಂದು ಕೂದಲು ತೋರಿಸಿ, ಇಡೀ ಭರಣಿ ಚೆಲ್ತೇನೆ."

ಸಾಕ್ಷ್ಯ ಕೇಳಿದರೆ ನಾನು ಹಿಂಜರಿಯುವವನಲ್ಲ. ಕಂಪ್ಯೂಟರಿಗೆ ಜೋಡಿಸುವ ಡಿಜಿಟಲ್ ಸೂಕ್ಷ್ಮದರ್ಶಕ ತರಿಸಿದೆ. ನೋಡಲಿಕ್ಕೆ ಬಾಲವಿರುವ ಟಾರ್ಚಿನ ಹಾಗಿತ್ತು. ಕೈಪಿಡಿ ಎಂಟು ಭಾಷೆಗಳಲ್ಲಿತ್ತು. ಕನ್ನಡವೂ ಇಲ್ಲ, ಮಲಯಾಳವೂ ಇಲ್ಲ. ಗಡಿನಾಡಿನ ನಮ್ಮ ಜಿಲ್ಲೆಯಲ್ಲಿ ಎರಡೂ ಭಾಷೆಗಳಿಗೆ ಸಮಾನವಾಗಿ ಅನ್ಯಾಯವಾಗುವುದು ಅಪರೂಪ.

ಚಾವಡಿಯಲ್ಲಿ ಕುಳಿತು ನೋಡುತ್ತಿದ್ದ ನೆರೆಮನೆಯ ಫೆಲಿಕ್ಸ್ ಪೊರ್ಬುಗಳು, "ಎಂತ ಮಾರಾಯ್ರೆ, ಕುವೈಟಿನಲ್ಲಿರುವ ನನ್ನ ಮಗಳಿಗೊಂದು ಫೋನ್ ಮಾಡ್ಲಾ? ಅವಳಿಗೆ ಇದೆಲ್ಲ ಗೊತ್ತುಂಟು" ಎಂದರು.

"ಬೇಡ ಪೊರ್ಬುಗಳೇ. ನೀವು ಸಾಕ್ಷಿಯಾಗಿ ಕೂತರೆ ಸಾಕು."

ವೈರು ಚುಚ್ಚಿದೆ, ದೀಪ ಹೊತ್ತಿತು. ಶಾರದೆ ಭರಣಿ ತಂದಿಟ್ಟು ಒಣ ಚಮಚದಲ್ಲಿ ತೆಗೆದುಕೊಟ್ಟ ಬಿಳಿ ಪದರದ ಚೂರನ್ನು ಗಾಜಿನ ಮೇಲಿಟ್ಟು, ಲ್ಯಾಪ್‌ಟಾಪಿನಲ್ಲಿ ಕ್ಯಾಮೆರಾದ ಚಿತ್ರ ಒತ್ತಿದೆ. ನನ್ನದು ಬೈಫೋಕಲ್ ಕನ್ನಡಕ; ಹತ್ತಿರದ್ದನ್ನು ನೋಡಬೇಕಾದರೆ ತಲೆ ಹಿಂದಕ್ಕೆ ವಾಲಿಸಿ, ಪರದೆಗೆ ಮುಖ ಒತ್ತಬೇಕು. ಹಾಗೆ ನೋಡಿದರೆ, ಕಂಡಿತು! ಮಸುಕು ಕೆಂಪಿನ ಗುಹೆ, ಅದರೊಳಗಿಂದ ದಪ್ಪ ಕಪ್ಪು ಕೂದಲು. ಫೋಕಸಿನ ಚಕ್ರ ತಿರುಗಿಸಿದರೆ ಏನೂ ಬದಲಾಗಲಿಲ್ಲ, ಆದರೆ ನಾನು ಹತ್ತಿರ ಹೋದಷ್ಟೂ ದೊಡ್ಡದಾಯಿತು. ಉತ್ತಮ ಯಂತ್ರ ಎಂದುಕೊಂಡೆ. ಕೂದಲು ಅಲುಗಾಡುತ್ತಲೂ ಇತ್ತು. ನೋಟ್‌ಪುಸ್ತಕದಲ್ಲಿ ಸಮಯ, ಸ್ಥಳ, ಸಾಕ್ಷಿಯ ಹೆಸರು ಬರೆದು, ಕೆಳಗೆ "ಜೀವಂತ" ಎಂದು ನಮೂದಿಸಿದೆ. ಫೋಟೊ ಉಳಿಸಿ ಶಾರದೆಯನ್ನು ಕರೆದೆ.

ಅವಳು ಫೋಟೊ ನೋಡಿದಳು, ನನ್ನನ್ನು ನೋಡಿದಳು. "ನಿಮ್ಮ ಬೂಷ್ಟಿಗೆ ಶೀತ ಆಗಿದೆ" ಎಂದಳು.

ಪೊರ್ಬುಗಳು ಬಗ್ಗಿ ನೋಡಿ ನಕ್ಕರು. "ಅದು ಲ್ಯಾಪ್‌ಟಾಪಿನದ್ದೇ ಕ್ಯಾಮೆರಾ ಮಾರಾಯ್ರೆ, ಪರದೆಯ ಕೆಳಗೆ ಉಂಟಲ್ಲ, ಅದು. ನಾನು ವಿಡಿಯೋ ಕಾಲ್ ಮಾಡಿದರೆ ಮಗಳಿಗೆ ನನ್ನ ಮೂಗಿನ ಹೊಳ್ಳೆಯೂ ಹೀಗೇ ಕಾಣುವುದಂತೆ. ಪಟ್ಟಿಯಲ್ಲಿ ಎರಡನೇ ಕ್ಯಾಮೆರಾ ಒತ್ತಿ."

ಒತ್ತಿದೆ. ಪರದೆ ತುಂಬ ಸುಕ್ಕುಸುಕ್ಕಾದ ಬಿಳಿ ಕೆನೆ. ಮೂಲೆಮೂಲೆ ಹುಡುಕಿದೆ, ಒಂದು ಕೂದಲಿಲ್ಲ. ಶಾರದೆ ಭರಣಿಯನ್ನು ಎತ್ತಿಕೊಂಡು, ಮಗುವಿನ ಕೇಸು ಗೆದ್ದ ತಾಯಿಯ ಹಾಗೆ ಒಳಗೆ ಹೋದಳು.

ಮಧ್ಯಾಹ್ನ ಉಪ್ಪುಸೊಳೆಯ ಪಲ್ಯ. ನಾನು ಎರಡು ಸಲ ಹಾಕಿಸಿಕೊಂಡೆ. ಅದು ಹಸಿವಿನ ವಿಷಯ, ಒಪ್ಪಿಗೆಯದ್ದಲ್ಲ. ತಪ್ಪಾಯಿತೆಂದು ಹೇಳಿ ಎಂದು ಪೊರ್ಬುಗಳು ಗೋಡೆಯಾಚೆಯಿಂದ ಎಷ್ಟು ಕೂಗಿದರೂ ನಾನು ಜಗ್ಗಲಿಲ್ಲ. ವರದಿಯನ್ನು ಮತ್ತೆ ಓದಿದ್ದೇನೆ. ಕೂದಲು ಇತ್ತು, ಜೀವಂತವಾಗಿತ್ತು, ಸಮಯವೂ ಸರಿ. ಸ್ಥಳ ಒಂದು ಸ್ವಲ್ಪ ಮೇಲೆ, ಅಷ್ಟೇ. ಇದಕ್ಕೆಲ್ಲ ತಿದ್ದುಪಡಿ ಹಾಕುವುದಿಲ್ಲ.

ಕೈ ತೊಳೆದು ಬಂದಾಗ ಲ್ಯಾಪ್‌ಟಾಪಿನ ಪಕ್ಕ ಶಾರದೆ ಸಣ್ಣ ಕತ್ತರಿಯೊಂದನ್ನು ಇಟ್ಟಿದ್ದಳು. ಪಟ್ಟಿಯಲ್ಲಿ ಮೊದಲನೇ ಕ್ಯಾಮೆರಾ ಒತ್ತಿ, ತಲೆ ಹಿಂದಕ್ಕೆ ವಾಲಿಸಿ, ಕತ್ತರಿ ಎತ್ತಿಕೊಂಡೆ. ಈ ಸಲ ಯಾರ ಸಹಾಯವೂ ಬೇಕಾಗಲಿಲ್ಲ.