ಯಕ್ಷನಿಗೆ ನೆಗಡಿ

ನಮ್ಮ ಅತ್ತೆ ಒಬ್ಬ ಕಾದಂಬರಿಕಾರನನ್ನು ಲಟ್ಟಣಿಗೆಯಿಂದ ಹೊಡೆದು ಸಾಯಿಸುವುದಾಗಿ ಶಪಥ ಮಾಡಿದ್ದಳು ಎಂದರೆ ನೀವು ನಗುತ್ತೀರಿ. ನಗಿ, ನಗಿ! ನಿಮಗೇನು? ಆ ಲಟ್ಟಣಿಗೆಯ ಎದುರಿಗೆ ಕೂತು ಚಪಾತಿ ತಿನ್ನುತ್ತಿದ್ದವನು ನಾನು.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಮನೆ ಖಾನಾಪುರದಲ್ಲಿ. ನಾನು ಬೆಳಗಾವಿಯ ರವಿವಾರ ಪೇಟೆಯ ಒಂದು ಸಗಟು ಕಿರಾಣಿ ಅಂಗಡಿಯಲ್ಲಿ ಗುಮಾಸ್ತ. ಅಂಗಡಿಯ ಹಿಂದಿನ ಗಲ್ಲಿಯಲ್ಲಿ ಕಾದಂಬರಿಗಳನ್ನು ಬಾಡಿಗೆಗೆ ಕೊಡುವ ಲೈಬ್ರರಿಯೊಂದಿತ್ತು. ಅಲ್ಲಿಂದ ಪುಸ್ತಕ ಹೊತ್ತು ರಜೆಯ ದಿನ ಖಾನಾಪುರದ ಬಸ್ಸು ಹತ್ತುವುದು ನನ್ನ ಹಣೆಬರಹದಲ್ಲೇ ಬರೆದಿತ್ತು. ಮದುವೆ, ಮುಂಜಿ, ಜ್ವರ ಯಾವುದಕ್ಕೂ ವಿನಾಯಿತಿ ಇಲ್ಲ!

ಟೀವಿ ಧಾರಾವಾಹಿಗಳ ಹಾವಳಿಯಲ್ಲಿ ಆಗ ಲೈಬ್ರರಿಗೆ ಬರುವವರು ಕಮ್ಮಿಯಾಗಿದ್ದರು ನಿಜ. ಆದರೆ ಉಳಿದವರ ಬಾಯಿ ಜೋರು. ಅವರಿಗೊಂದು ಚಟ: ಪುಸ್ತಕ ಓದಿ ಮುಗಿಸಿದೊಡನೆ ಕೊನೆಯ ಖಾಲಿ ಹಾಳೆಯಲ್ಲಿ ತಮ್ಮ ಅಭಿಪ್ರಾಯ ಬರೆಯಲೇಬೇಕು. "ಸೂಪರ್." "ಬೋರು, ಓದಬ್ಯಾಡ್ರಿ." "ಮ್ಯಾಲೆ ಬೋರು ಅಂತ ಬರದವರಿಗೆ ಬುದ್ಧಿ ಇಲ್ಲ." ಅದರ ಕೆಳಗೆ, "ನಿಮಗ ಐತೇನ್ರಿ?" ಎಷ್ಟೋ ಸಲ ಕಾದಂಬರಿಗಿಂತ ಈ ಜಗಳವೇ ಚೆನ್ನಾಗಿರುತ್ತಿತ್ತು.

ನಮ್ಮ ಅತ್ತೆ ಪುಸ್ತಕ ತೆರೆಯುತ್ತಿದ್ದುದೇ ಆ ಕೊನೆಯ ಹಾಳೆಯಿಂದ. ಮಾರ್ಕೆಟ್ಟಿನಲ್ಲಿ ಬದನೆಕಾಯಿ ಹಿಚುಕಿ ನೋಡದೆ ಕೊಳ್ಳುವವಳಲ್ಲ, ಕಾದಂಬರಿಯನ್ನು ಬಿಟ್ಟಾಳೆಯೆ? ಹಾಳೆಯನ್ನು ದೊಡ್ಡ ದನಿಯಲ್ಲಿ ಓದುತ್ತಿದ್ದಳು. ಏಕೆಂದರೆ ಕೇಳುವವರು ಎದುರಿಗಿರುತ್ತಿದ್ದರು. ಅವರು ನಮ್ಮ ಮಾಮಾ, ಅತ್ತೆಯ ಗಂಡ.

ಮಾಮಾ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದವರು. ಶುಗರು ಬಂತು, ಕಣ್ಣು ಹೋಯಿತು. ಬೆಳಗಾವಿಯ ನೆಹರು ನಗರದ ಆಸ್ಪತ್ರೆಗೆ ಅಲೆದದ್ದೇ ಬಂತು. "ಇನ್ನ ಬರೂದಿಲ್ರಿ" ಎಂದುಬಿಟ್ಟರು ಡಾಕ್ಟರು. ಅಂದಿನಿಂದ ಮಾಮಾ ಮಾತು ಬಿಟ್ಟರು. ಗಡ್ಡ ಬಿಟ್ಟರು. ಎರಡು ತುತ್ತು ಉಂಡು ಗೋಡೆಯ ಕಡೆ ಮುಖ ಮಾಡಿ ಮಲಗುವುದಷ್ಟೇ ಕೆಲಸ. ಗೋಡೆ ಕಾಣುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಅಂಥ ಮನುಷ್ಯನನ್ನು ಎಬ್ಬಿಸಿ ಕೂರಿಸಿದ್ದು ಡಾಕ್ಟರಲ್ಲ, ದೇವರಲ್ಲ, ಒಬ್ಬ ಯಕ್ಷ! ಅವನಿರುವ ಕಾದಂಬರಿಯ ಮೊದಲ ಭಾಗವನ್ನು ತಂದುಕೊಟ್ಟವನು ನಾನೇ. ಕಥೆಯಲ್ಲಿ ನಮ್ಮೂರಿನಂಥದ್ದೇ ಒಂದು ಊರು. ಮೇಲೆ ಸಿಟಿ ಬಸ್ಸು, ನಲ್ಲಿ ನೀರಿನ ಜಗಳ, ವಡಾಪಾವಿನ ಗಾಡಿ. ಪೇಟೆಯ ಕೆಳಗೆ ಇನ್ನೊಂದು ಪೇಟೆ, ಅಲ್ಲಿ ದೆವ್ವಗಳ ವ್ಯಾಪಾರ. ಅಲ್ಲೊಬ್ಬ ಕುರುಡ ಯಕ್ಷ. ಮೇಲಿನ ಊರಿನ ಗಡಿಯಾರಗಳಿಗೆಲ್ಲ ಅವನು ಕೆಳಗಿನಿಂದಲೇ ಕೀಲಿ ಕೊಡಬೇಕು. ಒಂದು ದಿನ ತಪ್ಪಿದರೂ ಆ ಊರಿಗೆ ಬೆಳಗಾಗುವುದಿಲ್ಲ.

"ಕಣ್ಣಿಲ್ಲದಾವ ಇಡೀ ಊರ ನಡಸ್ತಾನಲೇ!" ಎಂದರು ಅತ್ತೆ ಓದುವುದನ್ನು ಕೇಳುತ್ತಿದ್ದ ಮಾಮಾ. ಎಷ್ಟೋ ತಿಂಗಳ ಮೇಲೆ ಅವರಾಡಿದ ಮೊದಲ ಪೂರ್ತಿ ವಾಕ್ಯ ಅದು. ಮರುದಿನ ಗಡ್ಡ ತೆಗೆದರು. ವಾರದೊಳಗೆ ಗೋಡೆ ಹಿಡಿದು ಅಂಗಳದ ಗೇಟಿನವರೆಗೆ ನಡೆದರು. ಮನೆಯ ಗೋಡೆ ಗಡಿಯಾರಕ್ಕೆ ತಾವೇ ತಡಕಾಡಿ ಕೀಲಿ ಕೊಡತೊಡಗಿದರು. ಅತ್ತೆ ಅಡುಗೆಮನೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಆ ಬರದಾಂವನ ಹೊಟ್ಟಿ ತಣ್ಣಗಿರಲಿ" ಎಂದು ಹರಸಿದಳು. ಅದೇ ಬಾಯಿ!

ಆಮೇಲೆ ಬಂತು ಎರಡನೆಯ ಭಾಗ. ಲೈಬ್ರರಿಯಲ್ಲಿ ಕೈಯಿಂದ ಕೈಗೆ ಹಾರಾಡುತ್ತಿದ್ದ ಅದನ್ನು ಕಾಡಿಬೇಡಿ ಇಸಿದುಕೊಂಡು, ಖಾನಾಪುರದ ಬಸ್ಸಿನಲ್ಲಿ ಕೂತು ಕೊನೆಯ ಹಾಳೆ ತೆರೆದೆ. ಸೂತಕದ ಮನೆಗೆ ಹೊಕ್ಕಂತಾಯಿತು. "ಯಕ್ಷನ್ನ ಯಾಕ ಕೊಂದ್ರಿ?" "ಎಪ್ಪತ್ತನೇ ಪುಟದಿಂದ ಮುಂದ ಓದಾಕ ಆಗಲಿಲ್ಲ." "ಇನ್ನ ಈ ಲೇಖಕನ ಪುಸ್ತಕ ಮುಟ್ಟೂದಿಲ್ಲ, ನಮ್ಮವ್ವನ ಆಣಿ." ಎಂದೂ ಒಬ್ಬರನ್ನೊಬ್ಬರು ಒಪ್ಪದಿದ್ದ ನಮ್ಮ ಓದುಗ ಮಹಾಶಯರು ಮೊದಲ ಬಾರಿಗೆ ಒಂದಾಗಿದ್ದರು, ಅದೂ ಅಳಲಿಕ್ಕೆ. ಹೌದು, ಲೇಖಕ ಮಹಾನುಭಾವ ಎಪ್ಪತ್ತನೇ ಪುಟದಲ್ಲಿ ಯಕ್ಷನನ್ನು ಕೊಂದುಹಾಕಿದ್ದ!

ಬಸ್ಸಿನಿಂದ ಹಾರಿಬಿಡಲೇ ಎನಿಸಿತು. ಮನೆ ಮುಟ್ಟಿ, ಪುಸ್ತಕ ಸಿಗಲಿಲ್ಲ ಎಂದು ಸುಳ್ಳು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಚೀಲದಿಂದ ಅದನ್ನು ಕಸಿದಾಗಿತ್ತು.

"ಮಂದಿ ಏನ್ ಬರದಾರ, ಓದು ಓದು" ಎಂದು ಮಾಮಾ ಚಕ್ಕಳಮಕ್ಕಳ ಹಾಕಿ ಕೂತರು. ಗಡ್ಡ ನುಣ್ಣಗೆ ತೆಗೆದಿದ್ದರು.

ಅತ್ತೆ ಹಾಳೆ ನೋಡಿದಳು. ಮುಖ ಕಪ್ಪಿಟ್ಟಿತು. ನನ್ನನ್ನು ನೋಡಿದಳು. ನಾನು ತೊಲೆ ನೋಡಿದೆ.

"ಹಾಂ... ಭಾಳ ಚಲೋ ಐತಿ ಅಂತ ಬರದಾರ್ರಿ."

"ಮತ್ತ?"

"ಮತ್ತ... ಇದಕ್ಕಿಂತ ಚಲೋ ಪುಸ್ತಕ ಇಲ್ಲ ಅಂತ. ಯಕ್ಷ ಆರಾಮ ಇದ್ದಾನ ಅಂತ."

"ಯಕ್ಷ ಆರಾಮ ಇದ್ದಾನ ಅಂತ ಯಾಕ ಬರದಾರ? ಏನರೆ ಆಗಿತ್ತೇನು ಅವಗ?"

"ನೆಗಡಿ ಆಗಿತ್ತಂತ್ರಿ!" ಎಂದು ಅತ್ತೆ ದಡದಡ ಅಡುಗೆಮನೆಗೆ ನಡೆದಳು. ಲಟ್ಟಣಿಗೆಯ ಶಪಥ ಆದದ್ದು ಆಗಲೇ, ನನಗೆ ಚಪಾತಿ ಬಡಿಸುತ್ತ, ಹೊರಗೆ ಕೇಳದಂತೆ ಪಿಸುದನಿಯಲ್ಲಿ. "ಅವನ ಪೆನ್ನಿಗೆ ಬೆಂಕಿ ಹತ್ತಲಿ! ಸಾಯಸಾಕ ಅವಗ ಬ್ಯಾರೆ ಯಾರೂ ಸಿಗಲಿಲ್ಲೇನೋ? ಇವರು ಮತ್ತ ಗ್ವಾಡಿಗೆ ಮುಖಾ ಮಾಡಿ ಮಲಗಿದ್ರ ನಾ ಏನ್ ಮಾಡ್ಲೋ ತಮ್ಮಾ?" ನಾನು ತಟ್ಟೆಯ ಮೇಲೆ ಬಾಗಿ ಇನ್ನೊಂದು ಚಪಾತಿ ಮುರಿದೆ.

ಎಪ್ಪತ್ತನೇ ಪುಟದವರೆಗೆ ಅತ್ತೆ ಇದ್ದದ್ದನ್ನು ಇದ್ದಂತೆ ಓದಿದಳು. ಮುಂದಿನದ್ದೇ ಪವಾಡ! ಕಣ್ಣು ಪುಸ್ತಕದ ಮೇಲೆ, ಕಥೆ ಅವಳದ್ದೇ. ಯಕ್ಷನಿಗೆ ನೆಗಡಿ ಜೋರಾಯಿತು. ಅವನು ಜೀರಿಗೆ ಕಷಾಯ ಕುಡಿದ. ಬೆವರು ಬಂದು ಹಗುರಾದ. ಅವನನ್ನು ಕೊಲ್ಲಬೇಕಾಗಿದ್ದ ಖಳನಾಯಕನಿಗೆ ಕಾಮಾಲೆಯಾಯಿತು. ಆರಾಮಾದ ಯಕ್ಷ ಮೇಲಿನ ಪೇಟೆಗೆ ಬಂದು ಅರಿಷಿಣದ ದರ ಕೇಳಿದ, "ಹೋದ ವಾರ ಇಷ್ಟ ಇರಲಿಲ್ಲಲ್ಲ?" ಎಂದು ಅಂಗಡಿಯವನ ಮೇಲೆ ರೇಗಿದ! ಕಥೆ ತೋಚದಿದ್ದಾಗ ಅತ್ತೆ, "ಇಲ್ಲಿ ಹಾಳಿ ಹರದೈತ್ರಿ" ಎಂದು ಎದ್ದುಬಿಡುತ್ತಿದ್ದಳು. "ಬೆಳಗಾವಿ ಮಂದಿ ಭಾಳ ಹಾಳಿ ಹರೀತಾರಲ್ಲ!" ಎಂದು ಮಾಮಾ ಮರುಗುತ್ತಿದ್ದರು.

ಒಂದು ದಿನ ಮಾಮಾ ನನ್ನನ್ನೇ ಹಿಡಿದರು. "ನೀನೂ ಓದಿಯಲ್ಲ ತಮ್ಮಾ, ನಿನ್ನ ಅಭಿಪ್ರಾಯ ಏನು?"

"ಛೇ, ಆ ಸಾವು ಓದಿ ನನಗ..." ಅಡುಗೆಮನೆಯಲ್ಲಿ ಪಾತ್ರೆಯೊಂದು ಧಡ್ ಎಂದು ಬಿತ್ತು.

"ಯಾರ ಸಾವು?"

"ಆ... ಆ ಖಳನಾಯಕಂದ್ರಿ!"

"ಅವಗ ಕಾಮಣಿ ಆಗಿತ್ತಲ್ಲ?"

"ಅದರಾಗ ಹೋದಾ ನೋಡ್ರಿ ಪಾಪ" ಎಂದೆ. ಒಂದೇ ವಾಕ್ಯದಲ್ಲಿ ನಾನೂ ಸಹಲೇಖಕನಾಗಿದ್ದೆ. ಆ ರಾತ್ರಿ ಅತ್ತೆ ಆ ಸಾವಿಗೆ ತಕ್ಕ ಹೊಸ ಅಧ್ಯಾಯ ಕಟ್ಟಬೇಕಾಯಿತು. ನನಗೆ ಬೈಗುಳದ ಜೊತೆ ಊಟ.

ಇತ್ತ ಲೈಬ್ರರಿಯವನು, ಓದಿ ಅಳಲು ಇನ್ನೂ ಎಷ್ಟೋ ಜನ ಕಾದಿದ್ದಾರೆ, ಪುಸ್ತಕ ತಾ ಎಂದು ನನ್ನ ಪ್ರಾಣ ಹಿಂಡುತ್ತಿದ್ದ. ಅತ್ತೆ ಕಥೆ ಮುಗಿಸಲು ತಯಾರಿಲ್ಲ. ಮುಗಿಸಿದರೆ ಮಾಮಾ ಮತ್ತೆ ಮಲಗಿಬಿಟ್ಟರೆ? ಅವಳು ಸೊರಗಿದಳು. ಸಾರಿಗೆ ಎರಡು ಸಲ ಉಪ್ಪು ಹಾಕಿದಳು. "ನನಗ ಇನ್ನ ಏನೂ ಹೊಳಿವಲ್ದೋ" ಎಂದು ಒಲೆಯ ಮುಂದೆ ಕೂತು ಅತ್ತಳು. ಯಾವ ಲೇಖಕನಿಗೂ ಇಂಥ ಹಿಂಸೆ ಬೇಡಪ್ಪ.

ಕೊನೆಗೆ ಒಂದು ರವಿವಾರ ಯಕ್ಷನನ್ನು ಹೇಗೋ ಗಡಿಯಾರದ ಮುಂದೆ ಕೂರಿಸಿ, "ಮುಂದಿನ ಭಾಗದಾಗ ಐತಂತ್ರಿ" ಎಂದು ಪುಸ್ತಕ ಮುಚ್ಚಿದಳು. ಹೆಪ್ಪು ತರಲು ಬಾಜು ಮನೆಗೆ ಹೋದಳು. ಅವಳ ಚಪ್ಪಲಿ ಸಪ್ಪಳ ಗೇಟು ದಾಟಿದ ಮೇಲೆ ಮಾಮಾ ನನ್ನನ್ನು ಹತ್ತಿರ ಕರೆದರು.

"ಖರೇ ಹೇಳು. ಯಕ್ಷ ಎಷ್ಟನೇ ಪುಟದಾಗ ಸತ್ತಾ?"

"ಎಪ್ಪತ್ತರಾಗ್ರಿ" ಎಂದೆ, ಬಾಯಿ ತಾನಾಗಿಯೇ ತೆರೆದು.

"ಹಂಗ ಅನಸಿತ್ತು. ಓದೂ ದನಿ ಬ್ಯಾರೆ, ಮಾತಾಡೂ ದನಿ ಬ್ಯಾರೆ. ಇಷ್ಟ ವರ್ಷ ಸಂಸಾರ ಮಾಡಿ ಅಷ್ಟ ತಿಳಿಯೂದಿಲ್ಲೇನು? ಮತ್ತ ಯಾವ ಯಕ್ಷಲೇ ಅರಿಷಿಣದ ದರಕ್ಕ ಜಗಳಾ ತಗೀತಾನ?" ಎಂದು ನಕ್ಕರು. ಆಮೇಲೆ ನಗು ನಿಂತಿತು. "ಮೊದಲನೇ ದಿನ ಭಾಳ ತ್ರಾಸ ಆತು ನೋಡು. ಮಲಗಿಬಿಡೂಣು ಅನಸ್ತು. ಆದ್ರ ಆಕಿ ಒದ್ದಾಡೂದು ಕೇಳಿ ಹೆಂಗ ಮಲಗ್ಲಿ? ಪೆನ್ನ ಐತೇನು? ಕಡೀ ಹಾಳ್ಯಾಗ ನನ್ನ ಅಭಿಪ್ರಾಯ ಬರಿ."

ಅವರು ಹೇಳಿದರು, ನಾನು ಬರೆದೆ: "ನಮ್ಮ ಮನಿ ಪ್ರತಿಯೊಳಗ ಯಕ್ಷ ಸತ್ತಿಲ್ಲ."

ಕೊನೆಯ ಹಾಳೆ ನೋಡದೆ ಪುಸ್ತಕ ಕಳಿಸುವವಳೇ ಅತ್ತೆ? ನಾನು ಹೊರಟಾಗ ಬಾಗಿಲಲ್ಲಿ ನನ್ನ ಚೀಲದಿಂದ ಅದನ್ನು ತೆಗೆದು ತಿರುವಿದಳು. ಅಕ್ಷರ ನನ್ನದು, ಮಾತು ಯಾರದೆಂದು ಅವಳಿಗೆ ಹೇಳಬೇಕಾಗಿರಲಿಲ್ಲ. ಆ ಸಾಲಿನ ಮೇಲೆ ಬೆರಳಾಡಿಸಿದಳು. ಒಳಗೆ ಮಾಮಾ ಗಡಿಯಾರಕ್ಕೆ ಕೀಲಿ ಕೊಡುವ ಕಿರ್ ಕಿರ್ ಸದ್ದು ಕೇಳುತ್ತಿತ್ತು.

"ಏನ್ರೀ" ಎಂದು ಅಲ್ಲಿಂದಲೇ ಕೂಗಿದಳು. "ಮೂರನೇ ಭಾಗ ಬರೂತನಕಾ ಏನ್ ಮಾಡೂಣು?"

"ಪುಸ್ತಕ ಯಾಕ ಬೇಕು?" ಎಂದರು ಮಾಮಾ. "ರಾತ್ರಿ ಊಟ ಆದಮ್ಯಾಲೆ ಮುಂದಿಂದು ಹೇಳು. ಹಾಳಿ ಹರಿಯೂ ಕಾಟಾ ಇಲ್ಲ."

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು, ಪುಸ್ತಕವನ್ನು ನನ್ನ ಕೈಗಿಟ್ಟು ಒಳಗೆ ಹೋದಳು. ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತು ದಾರಿಯುದ್ದಕ್ಕೂ ಕಣ್ಣೀರು ಸುರಿಸಿದೆ. ಪಕ್ಕದವರು ಯಾರೋ ತೀರಿಕೊಂಡಿದ್ದಾರೆ ಎಂದುಕೊಂಡಿರಬೇಕು, ಸರಿದು ಜಾಗ ಬಿಟ್ಟರು.

ಎಷ್ಟೋ ದಿನಗಳ ಮೇಲೆ ಲೈಬ್ರರಿಯಲ್ಲಿ ಆ ಪುಸ್ತಕ ಮತ್ತೆ ಕೈಗೆ ಸಿಕ್ಕಿತು. ಕೊನೆಯ ಹಾಳೆ ತಿರುವಿದೆ. ಮಾಮಾನ ಮಾತಿನ ಕೆಳಗೆ ಯಾರೂ "ನಿಮಗ ಬುದ್ಧಿ ಐತೇನ್ರಿ" ಎಂದು ಬರೆದಿರಲಿಲ್ಲ. ಗುರುತಿಲ್ಲದ ಒಂದು ಗುಂಡನೆಯ ಕೈಬರಹ ಮಾತ್ರ ಇತ್ತು:

"ಆ ಪ್ರತಿ ಎಲ್ಲಿ ಸಿಗತೈತ್ರಿ?"