ಕೆರೆಯ ಮಂಜಿಗೆ ಮೂಲ ಯಾವುದು?

ಡೆಸ್ಕಿನಲ್ಲಿ ತಲೆ ನರೆತವನು ಮನೆಯಲ್ಲಿ ಏನು ಓದುತ್ತಾನೆಂದು ಕೇಳಬಾರದು. ಹುಬ್ಬಳ್ಳಿಯ ಪತ್ರಿಕೆಯೊಂದರಲ್ಲಿ ಕುಳಿತು ವರದಿಗಳಿಂದ ತಂಗಾಳಿ, ಬೆಳದಿಂಗಳು, ಕಾರ್ಮೋಡಗಳನ್ನು ಕಿತ್ತು ಹಾಕುವುದು ನನ್ನ ಕೆಲಸ. ಯಾರು, ಎಲ್ಲಿ, ಯಾವಾಗ ಎಂಬುದು ಮೊದಲ ವಾಕ್ಯದಲ್ಲೇ ಬರಬೇಕು. ಹವಾಮಾನಕ್ಕೆ ಮೂಲೆಯಲ್ಲೊಂದು ಚೌಕವಿದೆ. ಅಂಥ ನಾನು ಮನೆಗೆ ಬಂದು ಓದುವುದು ಕನ್ನಡಕ್ಕೆ ಬಂದ ಫ್ರೆಂಚ್ ಪತ್ತೇದಾರಿ ಕಾದಂಬರಿಗಳನ್ನು. ಅವುಗಳಲ್ಲಿ ಕೊಲೆ ಒಂದು ನೆಪ. ಕಾಲುವೆಯ ದಂಡೆ, ತೊಯ್ದ ಕಲ್ಲುಹಾಸು, ದೀಪದ ಸುತ್ತ ಮಂಜು. ಒದ್ದೆ ಕೋಟಿನ ಇನ್‌ಸ್ಪೆಕ್ಟರ್ ಹೋಟೆಲಿನ ಮೂಲೆ ಹಿಡಿದು, ಯಾರನ್ನೂ ಏನೂ ಕೇಳದೆ ಒಂದು ಅಧ್ಯಾಯ ಕಳೆಯುತ್ತಾನೆ. ನಮ್ಮ ಮಂದಿ ಕೇಳದಿದ್ದರೂ ಹೇಳುತ್ತಾರೆ, ಆ ಮಂದಿ ಕೇಳಿದರೂ ಹೇಳುವುದಿಲ್ಲ. ಕೊಲೆಗಾರ ಯಾರೆಂದು ಮರುದಿನವೇ ಮರೆಯುತ್ತೇನೆ. ಆ ಮಂಜು ಮಾತ್ರ ವಾರಗಟ್ಟಲೆ ಅಂಗಿಗೆ ಅಂಟಿಕೊಂಡಿರುತ್ತದೆ.

ಮಿಷನ್ ಶಾಲೆಯಲ್ಲಿ ಪಾಠ ಹೇಳುವ ನನ್ನ ಹೆಂಡತಿ ಸುಶೀಲಾ ಇದನ್ನು ಬಹಳ ದಿನ ನೋಡಿ, "ಪೇಪರಿನ್ಯಾಗ ಹೊಡದ ಹಾಕಿದ್ದನ್ನೆಲ್ಲಾ ಮನ್ಯಾಗ ಕುಂತು ಓದ್ತೀರಲ್ರಿ. ಒಂದ ಸಾಲರೆ ಅಚ್ಚು ಹಾಕಿಸಿ ತೋರಸ್ರಿ" ಎಂದಳು. ನಿವೃತ್ತಿಗೆ ಮುಂಚೆ ಪತ್ರಿಕೆಯಲ್ಲಿ ಒಂದು ಸಾಲು ಮಂಜು ಬರಲೇಬೇಕೆಂದು ಅಂದೇ ನಿಶ್ಚಯಿಸಿದೆ.

ಕೆಲಗೇರಿ ಕೆರೆಯ ಹತ್ತಿರದ ಹೊಲವೊಂದರಲ್ಲಿ ಪಂಪ್‌ಸೆಟ್ ಕಳುವಾಯಿತು. ವರದಿಗಾರನನ್ನು ಕಳಿಸದೆ, ನಸುಕಿನಲ್ಲಿ ನಾನೇ ಹೋದೆ. ಕೆರೆಯ ಮೇಲೆ ನಿಜವಾಗಿಯೂ ಮಂಜಿತ್ತು. ಕಿಸೆಯಲ್ಲಿ ಕೈ ಇಟ್ಟು, ಇನ್‌ಸ್ಪೆಕ್ಟರನಂತೆ ಮೌನವಾಗಿ ನಿಂತೆ. ಹೊಲದ ಯಜಮಾನರು ಎರಡು ನಿಮಿಷ ತಡೆದುಕೊಂಡರು. "ಸುಮ್ಮ ನಿಂತೀರಲ್ರಿ ಸಾಹೇಬ್ರ? ನೀವು ಕೇಳದಿದ್ರ ಏನಾತು, ನಾನ ಹೇಳ್ತೇನಿ" ಎಂದು ಪಂಪಿನ ಜಾತಕದಿಂದ ಹಿಡಿದು ಬೀಗರ ಮೇಲಿನ ಸಂಶಯದವರೆಗೆ ಎಲ್ಲ ಒಪ್ಪಿಸಿಬಿಟ್ಟರು.

'ಕೆಲಗೇರಿ ಕೆರೆಯ ಮೇಲೆ ಮಂಜು ಕವಿದಿತ್ತು' ಎಂದೇ ವರದಿ ಆರಂಭಿಸಿದೆ. ಅಂದು ಸಂಜೆ ಡೆಸ್ಕಿನಲ್ಲಿದ್ದವಳು ನಾನೇ ತಿದ್ದಿ ಬೆಳೆಸಿದ ವೀಣಾ. ಮನೆಗೆ ಅವಳ ಫೋನು ಬಂತು. "ಸರ್, ಮಂಜು ಇತ್ತಂತ ಯಾರು ಹೇಳ್ಯಾರ್ರಿ? ಮೂಲ ಇಲ್ಲದ ಸಾಲು ಬಿಡಬ್ಯಾಡ ಅಂತ ನೀವ ಕಲಿಸೀರಿ." ನಾನೇ ಕಣ್ಣಾರೆ ಕಂಡೆನೆಂದೆ. ವರದಿಯಲ್ಲಿ ವರದಿಗಾರ ಕಾಣಬಾರದೆಂಬ ನನ್ನದೇ ಇನ್ನೊಂದು ನಿಯಮವನ್ನು ಆಕೆ ವಿನಯದಿಂದ ನೆನಪಿಸಿದಳು. ಏನಾದರೂ ಮಾಡು, ಮಂಜು ಹೋಗಕೂಡದು ಎಂದು ಗಟ್ಟಿಯಾಗಿ ಹೇಳಿ ಫೋನಿಟ್ಟೆ.

ಮರುದಿನ ಬೆಳಿಗ್ಗೆ ಪತ್ರಿಕೆ ಸುಶೀಲೆಯ ಕೈಯಲ್ಲಿತ್ತು. ಮಂಜು ಹೋಗಿರಲಿಲ್ಲ. ಕೊನೆಯ ಪ್ಯಾರಾಕ್ಕೆ ಇಳಿದಿತ್ತು: 'ಸ್ಥಳದಲ್ಲಿ ಮಂಜು ಕವಿದಿತ್ತು ಎಂದು ಹೆಸರು ಹೇಳಲಿಚ್ಛಿಸದ ಪ್ರತ್ಯಕ್ಷದರ್ಶಿಯೊಬ್ಬರು ತಿಳಿಸಿದ್ದಾರೆ.'

"ಯಾರಿರಬಹುದ್ರಿ ಇವ್ರು?" ಎಂದು ಆಕೆ ಕೇಳಿದಳು.

ನಾನು ಚಹಾದ ಕಪ್ಪು ಎತ್ತಿಕೊಂಡು ಕಿಟಕಿಯ ಹೊರಗೆ ನೋಡುತ್ತ ಕುಳಿತೆ. ಕೇಳಿದರೂ ಹೇಳಲಿಲ್ಲ.