ಎರಡು ಪೆಟ್ಟಿಗೆಗಳ ಮಹಾಸಮರ

ತಂತಿಯಿದ್ದಲ್ಲಿ ಮಿಂಚಾಗಿ ಹರಿಯುವ, ತಂತಿಯಿಲ್ಲದಲ್ಲಿ ಅಲೆಯಾಗಿ ಸುಳಿಯುವ ವಾಗ್ದೇವಿಯೇ, ನನ್ನ ನಾಲಗೆಯ ಮೇಲೆ ಒಂದು ಗಳಿಗೆ ಕೂತುಕೋ. ಕೃತಯುಗದಲ್ಲಿ ನಾಲ್ಕು ಕಾಲಿನ ಮೇಲೆ ನಿಂತಿದ್ದ ಧರ್ಮವು ಈ ಕಲಿಯುಗದಲ್ಲಿ ಒಂದೇ ಕಾಲಿನ ಮೇಲೆ, ಅದೂ ನೆಟ್ ಇದ್ದಾಗ ಮಾತ್ರ ನಿಲ್ಲುತ್ತದೆಂಬುದು ಬಲ್ಲವರ ಮಾತು. ಇಂಥ ಯುಗದಲ್ಲಿ, ಗದಗ ಸೀಮೆಯ ಒಂದು ಮಹಿಳಾ ಪಾಲಿಟೆಕ್ನಿಕ್ಕಿನಲ್ಲಿ, ದಸರಾ ರಜೆ ಮುಗಿದ ಮೊದಲ ದಿನ ನಡೆದ ಘೋರ ಸಂಗ್ರಾಮವನ್ನು ಹೇಳುತ್ತೇನೆ. ಚಹಾ ಇದ್ದರೆ ಪಕ್ಕಕ್ಕಿಟ್ಟು ಕೇಳಿ.

ಸಪ್ತಮಾಸತಪಸ್ವಿನಿಯೂ, ಕೇಬಲ್ಲುಗಳ ಜಟಾಜೂಟವಿಮೋಚನಪಟುವೂ, ಏಕತ್ರಿಂಶತ್ಪೇಟಿಕಾಕುಲಗೋತ್ರಕೋವಿದೆಯೂ ಆದ ನೀಲಗಂಗಾ ಬಳಿಗಾರ ಆ ಕಾಲೇಜಿನ ನೆಟ್‌ವರ್ಕ್ ನೋಡಿಕೊಳ್ಳುವ ವೀರವನಿತೆ. ಕೋಣೆಕೋಣೆಗೆ ನೆಟ್ ಹಂಚುವ ಸ್ವಿಚ್ಚೆಂಬ ಪೆಟ್ಟಿಗೆಗಳು ಅಲ್ಲಿ ಮೂವತ್ತೊಂದು. ಅಷ್ಟನ್ನೂ ಅವುಗಳ ನಂಬರು, ಹೆಸರು, ಠಾವುಗಳ ಸಮೇತ ಅವಳು ಏಳು ತಿಂಗಳು ಕೂತು ಕಂಪ್ಯೂಟರಿನಲ್ಲಿ ಒಂದು ಮಹಾನಕಾಶೆಯಾಗಿ ಹೆಣೆದಿದ್ದಳು. ಉಸಿರಾಡುವ ಪೆಟ್ಟಿಗೆ ಅಲ್ಲಿ ಹಸಿರು ಚೌಕ, ಉಸಿರು ನಿಂತದ್ದು ಕೆಂಪು. ಅದನ್ನು ನೋಡಿದಾಗಲೆಲ್ಲ ಅವಳಿಗೆ ಹೊಟ್ಟೆ ತುಂಬುತ್ತಿತ್ತು.

ಆದರೆ ಪ್ರಾಂಶುಪಾಲರು ಬೆಳಿಗ್ಗೆಯೇ ಗುಡುಗಿದ್ದರು: "ನಾಕ ಗಂಟೇಕ್ಕ ಬಂದು ನೋಡ್ತೀನಿ. ನಿಮ್ಮ ನಕಾಶಿ ಒಂದ ಸುಳ್ಳ ಹೇಳಿತಂದ್ರೂ ತಗದ ಬಿಡ್ರಿ. ನಮಗ ನಮ್ಮ ಎಲೆಕ್ಟ್ರಿಷಿಯನ್ ಈರಪ್ಪನ ನೆನಪಿನ ಶಕ್ತಿನ ಸಾಕು."

ಮಧ್ಯಾಹ್ನ ಎರಡಕ್ಕೆ ನೀಲಗಂಗೆ ನಕಾಶೆಯನ್ನು ಪೂರ್ತಿ ತೆರೆದರೆ, ಅಯ್ಯೋ, ಮೂವತ್ತು ಹಸಿರುಗಳ ನಡುವೆ ಗ್ರಂಥಾಲಯದ ಪೆಟ್ಟಿಗೆ ಕೆಂಡದಂತೆ ಕೆಂಪಗಿದೆ! ಚಪ್ಪಲಿಯ ಉಂಗುಟದ ಬಾರು ಕಿತ್ತದ್ದನ್ನೂ ಲೆಕ್ಕಿಸದೆ ಗ್ರಂಥಾಲಯಕ್ಕೆ ಓಡಿದರೆ, ಅಲ್ಲಿ ಹುಡುಗಿಯರು ಆರಾಮಾಗಿ ಕೂತು ವಿಡಿಯೋ ನೋಡುತ್ತಿದ್ದಾರೆ. ನೆಟ್ ಕುದುರೆಯ ಹಾಗೆ ಓಡುತ್ತಿದೆ. ಸತ್ತದ್ದೆಂದು ನಕಾಶೆ ಸಾರಿದ ಪೆಟ್ಟಿಗೆ ಕಪಾಟಿನ ಮೇಲೆ ಕಣ್ಣು ಮಿಟುಕಿಸುತ್ತಿದೆ! ಸ್ಟೂಲು ಹತ್ತಿ, ಆಯುಧಪೂಜೆಯ ವಿಭೂತಿಯನ್ನು ಸೆರಗಿನಿಂದ ಒರೆಸಿ ನೋಡಿದಳು. ಅಡಿಯ ಚೀಟಿಯಲ್ಲಿ ಅವಳದೇ ಅಕ್ಷರ: ಹಾಸ್ಟೆಲ್.

ಆಗ ಬಂದನು ನೋಡಿ, ವಿದ್ಯುದ್ದಂಡಧರನೂ, ಟೆಸ್ಟರಾಲಂಕೃತಕಿಸೆಯವನೂ, ಅಷ್ಟಾವಿಂಶತಿವರ್ಷಸೇವಾಧುರಂಧರನೂ ಆದ ಎಲೆಕ್ಟ್ರಿಷಿಯನ್ ಈರಪ್ಪ ಗಾಣಿಗೇರ! ಪೂಜೆಯ ದಿನ ಪೆಟ್ಟಿಗೆಗಳನ್ನೆಲ್ಲ ಬಿಚ್ಚಿ, ಒಂದೇ ಮೇಜಿನ ಮೇಲೆ ಸಾಲಾಗಿ ಕೂರಿಸಿ, ವಿಭೂತಿ ಕುಂಕುಮ ಹಚ್ಚಿ, ಕಾಯಿ ಒಡೆದು, ಸಂಜೆ ಮರಳಿ ಜೋಡಿಸಿದವನು ಇವನೇ.

"ಈರಪ್ಪಣ್ಣಾ, ಈ ಪೆಟ್ಟಿಗಿ ಹಾಸ್ಟೆಲ್ಲಿಂದು! ಮೂವತ್ತೊಂದರ ನಂಬರೂ ನನಗ ಬಾಯಿಪಾಠ ಅದಾವ. ಇಲ್ಲ್ಯಾಕ ಕುಂತೈತಿ ಇದು?"

"ಕುಂತ್ರ ತಪ್ಪೇನ್ರಿ ಮೇಡಮ್ಮಾರ? ಈ ಬಿಲ್ಡಿಂಗಿಗೆ ಮೊದಲನೇ ಬಲ್ಬ್ ಹಾಕಿದಾಂವ ನಾ. ಯಾ ತಂತಿ ಯಾ ಗ್ವಾಡ್ಯಾಗ ಹೋಗೇತಿ, ಕಣ್ಣ ಮುಚ್ಚಿ ಹೇಳ್ತೀನಿ. ಲೈಬ್ರರ್ಯಾಗ ಕುಂತೈತಿ, ಲೈಬ್ರರಿ ಕೆಲಸಾ ಮಾಡಾಕತ್ತೈತಿ. ಅಂದಮ್ಯಾಲೆ ಇದು ಲೈಬ್ರರಿದ!"

"ಹೆಸರ ಬರದೀನಲ್ರಿ ಅದರ ಮೈಮ್ಯಾಲೆ!"

"ಹೋದ ವರ್ಷ ಹಾಸ್ಟೆಲ್ಲಿಗೆ ಬ್ಯಾರೆ ವಾರ್ಡನ್ ಬಾಯಾರು ಇದ್ರು, ಈ ವರ್ಷ ಬ್ಯಾರೆಯವರ ಅದಾರ. ಹಾಸ್ಟೆಲ್ ಬ್ಯಾರೆ ಆತೇನ್ರಿ? ಹಳೇ ಬಾಯಾರು ಕೊಪ್ಪಳಕ್ಕ ಹೋದ್ರು, ಹೆಸರು ಅವರ ಕೂಡ ಹೋತು, ಕುರ್ಚಿ ಇಲ್ಲೇ ಉಳೀತು!"

ಆ ವಾಗ್ಬಾಣವು ಸೊಂಯ್ಯನೆ ಬಂದು ನೀಲಗಂಗೆಗೆ ನೇರವಾಗಿ ನಾಟಿತು. ಪೆಟ್ಟಿಗೆಯನ್ನೂ ಅದು ಕೂರುವ ಕುರ್ಚಿಯನ್ನೂ, ಎಂದರೆ ಠಾವನ್ನೂ, ಅವಳು ಒಂದೇ ಸಾಲಿನಲ್ಲಿ ಬರೆದು, ಎರಡೂ ಒಂದೇ ಎಂದು ನಂಬಿಬಿಟ್ಟಿದ್ದಳು. ಏಳು ತಿಂಗಳ ತಪಸ್ಸಿನ ಬುಡದಲ್ಲೇ ತಪ್ಪು! ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅದಕ್ಕಿಂತ ಹೆಚ್ಚಾಗಿ, ಈ ಮಾತು ತನಗೆ ಹೊಳೆಯದೆ ಈರಪ್ಪನಿಗೆ ಹೊಳೆಯಿತಲ್ಲ ಎಂದು ಹೊಟ್ಟೆ ಉರಿಯಿತು.

ಆದರೂ ವೀರರು ಅಳುತ್ತ ಕೂರುವವರಲ್ಲ. ಅಲ್ಲೇ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ತೆರೆದು, ಬಳೆಗಳನ್ನು ಮೇಲಕ್ಕೇರಿಸಿ, ಒಂದು ಪಟ್ಟಿಯನ್ನು ಸೀಳಿ ಎರಡು ಮಾಡಿದಳು. ಒಂದರಲ್ಲಿ ಪೆಟ್ಟಿಗೆಗಳು, ಅವುಗಳ ನಂಬರು, ಕೊಂಡ ವರ್ಷ. ಇನ್ನೊಂದರಲ್ಲಿ ಕುರ್ಚಿಗಳು: ಗ್ರಂಥಾಲಯ, ಹಾಸ್ಟೆಲ್, ಕ್ಯಾಂಟೀನು. ಎರಡರ ನಡುವೆ ಒಂದು ಗೆರೆ: ಇವತ್ತು ಯಾವ ಕುರ್ಚಿಯ ಮೇಲೆ ಯಾವ ಪೆಟ್ಟಿಗೆ. ಈರಪ್ಪ ಪಕ್ಕದಲ್ಲಿ ನಿಂತು ಮೂವತ್ತೊಂದು ಕುರ್ಚಿಗಳನ್ನೂ ಒಂದೇ ಉಸಿರಿಗೆ ಒಪ್ಪಿಸಿದ. ಹಾಸ್ಟೆಲ್ಲಿನ ಪೆಟ್ಟಿಗೆ ಇಲ್ಲಿದ್ದರೆ ಗ್ರಂಥಾಲಯದ್ದು ಹಾಸ್ಟೆಲ್ಲಿಗೇ ಹೋಗಿರಬೇಕೆಂದು ಅವಳು ಆ ಎರಡು ಗೆರೆಗಳನ್ನು ಅದಲುಬದಲು ಮಾಡಿದಳು. ಗುಂಡಿ ಒತ್ತಿದೊಡನೆ ಗ್ರಂಥಾಲಯ ಹಸಿರಾಯಿತು, ಹಾಸ್ಟೆಲ್ ಕೆಂಪಾಯಿತು.

ಆಗ ನೀಲಗಂಗೆಯ ಮುಖವೂ ಕೆಂಪಾಯಿತು. ನೆಟ್ ಇಲ್ಲವೆಂದು ಹಾಸ್ಟೆಲ್ಲಿನ ಹುಡುಗಿಯರು ಬೆಳಿಗ್ಗೆಯಿಂದ ಮೂರು ಸಲ ಫೋನು ಮಾಡಿದ್ದರು. ಮೂರು ಸಲವೂ ಅವಳು ನಕಾಶೆಯಲ್ಲಿ ಹಾಸ್ಟೆಲ್ಲಿನ ಚೌಕವೊಂದನ್ನೇ ನೋಡಿ, ಹಸಿರೈತಿ, ನಿಮ್ಮ ಮೊಬೈಲ ಕೆಟ್ಟಾವ ಎಂದು ಗದರಿದ್ದಳು.

ಮೂರೂಮುಕ್ಕಾಲು! ಇಬ್ಬರೂ ಧೂಳೆಬ್ಬಿಸುತ್ತ ಹಾಸ್ಟೆಲ್ಲಿಗೆ ದೌಡಾಯಿಸಿದರು. ಬಾಗಿಲಲ್ಲಿ ಸಿಟ್ಟಿಗೆದ್ದು ನಿಂತಿದ್ದ ನಲವತ್ತು ಹುಡುಗಿಯರಿಗೆ ನೀಲಗಂಗೆ ಕೈಮುಗಿದು, "ತಪ್ಪ ನಂದ ಐತ್ರವ್ವಾ" ಎಂದಳು. ಅಷ್ಟರಲ್ಲಿ ಈರಪ್ಪ ಟೆಸ್ಟರನ್ನು ಖಡ್ಗದಂತೆ ಹಿರಿದು ಒಳಹೊಕ್ಕ. ತಂತಿ ನೋಡಿದ, ಸರಿ. ಪ್ಲಗ್ ನೋಡಿದ, ಭದ್ರ. ಗೋಡೆ ನೋಡಿದ. ನೋಡಿದವನು ಅಲ್ಲೇ ಕಲ್ಲಾದ. ಪೂಜೆಯ ಸಂಜೆ ಪ್ಲಗ್ ಚುಚ್ಚಿದವನು ಬಟನ್ ಒತ್ತಿರಲಿಲ್ಲ.

ಇಪ್ಪತ್ತೆಂಟು ವರ್ಷದ ಸೇವೆಯಲ್ಲಿ ನುರಿತ ಆ ತೋರುಬೆರಳು ಮುಂದೆ ಚಾಚಿತು. ಟಕ್.

ಹುಡುಗಿಯರ ಜಯಘೋಷಕ್ಕೆ ಕಿಟಕಿಯ ಪಾರಿವಾಳಗಳು ಹಾರಿಹೋದವು.

"ಮೇಡಮ್ಮಾರ," ಈರಪ್ಪ ದನಿ ತಗ್ಗಿಸಿದ, "ಇದನ್ನ ನಕಾಶ್ಯಾಗ ಬರೀಬ್ಯಾಡ್ರಿ."

"ಪೆಟ್ಟಿಗಿ, ಕುರ್ಚಿ, ಎರಡ ಅದಾವ ಅದರಾಗ. ಬಟನ್ನಿಗೆ ಜಾಗಾ ಇಲ್ಲ ಬಿಡ್ರಿ," ಎಂದಳು ನೀಲಗಂಗೆ.

ನಾಲ್ಕಕ್ಕೆ ಪ್ರಾಂಶುಪಾಲರು ಬಂದರು. ಮೂವತ್ತೊಂದು ಹಸಿರು ಚೌಕಗಳ ಮುಂದೆ ಕೈಕಟ್ಟಿ ನಿಂತರು. ನೀಲಗಂಗೆ ಉಸಿರು ಬಿಗಿಹಿಡಿದಳು, ಹಿಂದೆ ಈರಪ್ಪನೂ ಬಿಗಿಹಿಡಿದ. ಪ್ರಾಂಶುಪಾಲರು ಕನ್ನಡಕ ಏರಿಸಿ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿ, ಕೊನೆಗೆ ಬಾಯಿ ತೆರೆದರು.

"ಇದರಾಗ ನನ್ನ ಚೇಂಬರ್ ಯಾವದ್ರಿ?"

ಅವಳು ಬೆರಳಿಟ್ಟು ತೋರಿಸಿದಳು.

"ಇಷ್ಟ ಸಣ್ಣದ? ಕ್ಯಾಂಟೀನಿನಷ್ಟ ಐತಲ್ಲ! ಸ್ವಲ್ಪ ದೊಡ್ಡದ ಮಾಡ್ರಿ."

"ಮತ್ತ ನಕಾಶಿ, ಸರ?"

"ಇರ್ಲಿ ಬಿಡ್ರಿ," ಎಂದು ಅವರು ಹೊರಟೇಹೋದರು.

ಹೀಗೆ ಮಹಾನಕಾಶೆ ಉಳಿಯಿತು. ಏಕತ್ರಿಂಶತ್ಪೇಟಿಕಾಕುಲಗೋತ್ರಕೋವಿದೆಯು ಮೌಸ್ ಹಿಡಿದು, ಪ್ರಾಂಶುಪಾಲರ ಚೌಕವನ್ನು ಕ್ಯಾಂಟೀನಿನ ಚೌಕಕ್ಕಿಂತ ಎರಡು ಬೆರಳು ದೊಡ್ಡದು ಮಾಡಿದಳು.